ಅಂಗಳದಲ್ಲಿ ಕೇಳಿದ ಪ್ರಶ್ನೆ

ರಾಯದುರ್ಗದ ಕಾಲೇಜಿನಲ್ಲಿ ವ್ಯಾಪಾರ ಸಂಶೋಧನೆ ಎಂಬ ವಿಷಯ ಕಲಿಸುವುದು ನನ್ನ ಹೊಟ್ಟೆಪಾಡು. ಹೆಸರು ರುದ್ರಮುನಿ. ಎದುರಿಗೆ ಕೂರುವ ಹುಡುಗರ ಮನೆಗಳಲ್ಲಿ ಜೀನ್ಸ್ ಹೊಲಿಯುವ ಮಿಷಿನ್ನುಗಳು ಬೆಳಗಿನಿಂದಲೇ ಗರಗರ ಎನ್ನುತ್ತಿರುತ್ತವೆ; ವ್ಯಾಪಾರ ಏನೆಂದು ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಪ್ರತಿ ವರ್ಷ ಮೊದಲ ದಿನ ಬೋರ್ಡಿನ ಮೇಲೆ ಅದನ್ನೇ ಬರೆಯುತ್ತೇನೆ. ಏನೂ ಗೊತ್ತಿಲ್ಲದಾಗ ಸುಮ್ಮನೆ ಅಡ್ಡಾಡಿ ಸುಳಿವು ಹುಡುಕುವುದು ಒಂದು ಬಗೆಯ ಸಂಶೋಧನೆ. ಯಾರು, ಎಷ್ಟು ಮಂದಿ, ಏನು ಬೇಕೆನ್ನುತ್ತಾರೆ ಎಂದು ಎಣಿಸಿ ವಿವರಿಸುವುದು ಇನ್ನೊಂದು. ಹೀಗೇಕಾಯಿತು ಎಂದು ಕಾರಣ ಹಿಡಿಯುವುದು ಮತ್ತೊಂದು. ಹುಡುಗರು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಕಕ್ಕುತ್ತಾರೆ, ಪಾಸಾಗುತ್ತಾರೆ. ನಾನು ಬೋರ್ಡು ಒರೆಸುವಾಗ ಸೌಭಾಗ್ಯಳನ್ನು ನೆನೆಯುತ್ತೇನೆ. ಆಕೆಯ ಬದುಕು ಆ ಎರಡನೆಯ ಬಗೆಯೊಳಗೆ ಸಿಕ್ಕಿಹಾಕಿಕೊಂಡಿತು. ಮೂರನೆಯದನ್ನು ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿ ಇರಬೇಕು. ನಾನು ಎಂ.ಕಾಂ. ಮುಗಿಸಿ ರಾಯದುರ್ಗದಲ್ಲೇ ಅಪ್ಪನ ಕಿರಾಣಿ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದೆ. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿ ಹಳ್ಳಿ ಕಡೆ ಫ್ಯಾಕ್ಟರಿ ಹಾಕಲು ಎರಡು ಜಾಗ ನೋಡಿತ್ತು. ಒಂದು ನಮ್ಮದೇ ಜಿಲ್ಲೆಯ ಮಡಕಶಿರ ಸೀಮೆ, ಇನ್ನೊಂದು ರಾಜ್ಯದ ಗಡಿಯಾಚೆ ದೂರದ ಒಂದು ತಾಲೂಕು. ಹೆಂಗಸರು ಎಲ್ಲಿ ಹೆಚ್ಚಾಗಿ ಕೆಲಸಕ್ಕೆ ಬರುತ್ತಾರೋ ಅಲ್ಲಿ ಕಟ್ಟುವುದು ಎಂದು ತೀರ್ಮಾನ. ಅದನ್ನು ತಿಳಿಯಲು ಮನೆಮನೆ ಸರ್ವೆ. ನಾನು ಆ ಕೆಲಸಕ್ಕೆ ಸೇರಿದೆ. ಜೋಡಿಯಾಗಿ ಸಿಕ್ಕವಳು ಸೌಭಾಗ್ಯ, ಅದೇ ಸೀಮೆಯ ರೊಳ್ಳದ ಹತ್ತಿರದ ಒಂದು ಹಳ್ಳಿಯ ಸೊಸೆ.

ಇಂಟರ್, ಎಂದರೆ ಪಿಯುಸಿವರೆಗೆ ಓದಿದ್ದಳು. ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು. ಕಣ್ಣಿನಲ್ಲಿ ಮಾತ್ರ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು. ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರ್ ಕೂಡಿಸುತ್ತಿದ್ದವಳಿಗೆ ಕಾಮಾಲೆ ಬಂದು, ರಜೆ ಮುಗಿದರೂ ಏಳಲಾಗದೆ, ಕೆಲಸ ಹೋಗಿ, ಅತ್ತೆಯ ಮನೆಗೆ ಬಂದು ಮಲಗಿದ್ದಳಂತೆ. ನನಗಿಂತ ಎರಡು ವರ್ಷ ದೊಡ್ಡವಳು, ಆದರೂ ನನ್ನನ್ನು ಅಣ್ಣ ಎನ್ನುತ್ತಿದ್ದಳು. ನಾನು ಅಕ್ಕ ಎನ್ನುತ್ತಿದ್ದೆ. ಇಬ್ಬರೂ ತಿದ್ದಿಕೊಳ್ಳಲಿಲ್ಲ.

ಆಕೆಯ ಗಂಡ ರಂಗನಾಥ್ ಬೆಂಗಳೂರಿನ ಗೋಡೌನೊಂದರಲ್ಲಿ ಕಾವಲಿಗಿದ್ದ. ಮಗಳು ಶೃತಿಗೆ ನಾಲ್ಕು ವರ್ಷ. ಹಾಲು ಬಿಟ್ಟಾಗಿನಿಂದ ಅಜ್ಜಿ ಪಾಪಕ್ಕನ ಹತ್ತಿರ ಊರಲ್ಲೇ ಬೆಳೆಯುತ್ತಿದ್ದಳು.

"ಅಜ್ಜೀನ ಅಮ್ಮ ಅಂತೈತೆ ಕಣಣ್ಣ, ನನ್ನ ಬೆಂಗ್ಳೂರಮ್ಮ ಅಂತೈತೆ," ಎಂದು ಒಮ್ಮೆ ನಕ್ಕು ಹೇಳಿದಳು. ಆ ನಗು ನನಗೆ ಹಿಡಿಸಲಿಲ್ಲ. "ಕಾಮಾಲೆ ಬಂದಿದ್ದೇ ಒಳ್ಳೇದಾಯ್ತು. ಈಗ ರಾತ್ರಿ ನನ್ನ ಪಕ್ಕ ಬಂದು ಮಲಗ್ತೈತೆ. ಈ ಫ್ಯಾಕ್ಟರಿ ಒಂದು ಬರ್ಲಿ, ಬೆಳಿಗ್ಗೆ ಹೋಗಿ ಸಂಜೀಗೆ ಬತ್ತೀನಿ. ಇಲ್ದಿದ್ರೆ ಮತ್ತೆ ಆ ಬೆಂಗ್ಳೂರೇ."

ಆಕೆಗೆ ಬೇಕಿದ್ದುದು ಇಷ್ಟೇ. ಸರ್ವೆ ಮಾಡುವ ನಮ್ಮೆಲ್ಲರಲ್ಲಿ, ಸರ್ವೆಯ ಉತ್ತರ ಏನಾಗುತ್ತದೋ ಎಂದು ಎದೆ ಬಡಿದುಕೊಳ್ಳುತ್ತಿದ್ದುದು ಆಕೆಯೊಬ್ಬಳಿಗೇ.

ಮಡಕಶಿರದ ಒಂದು ಛತ್ರದಲ್ಲಿ ನಮಗೆ ತರಬೇತಿ ಕೊಟ್ಟವರು ಸರ್ವೆ ಸಂಸ್ಥೆಯ ತ್ರಿವೇಣಿ ಮೇಡಂ. ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಪ್ರತಿ ಹತ್ತನೇ ಮನೆಗೆ ಹೋಗಬೇಕು, ಇಷ್ಟವಾದ ಮನೆಗೆ ನುಗ್ಗಬಾರದು. ಉತ್ತರವನ್ನು ಅವರ ಬಾಯಿಗೆ ನೀವೇ ತುರುಕಬಾರದು. ಒಬ್ಬರು ಕೇಳಬೇಕು, ಒಬ್ಬರು ಬರೆಯಬೇಕು. ಹೀಗೆ ಒಂದೊಂದಾಗಿ ತಿಳಿಸಿದರು. ಸೌಭಾಗ್ಯ ಎದ್ದು ನಿಂತು ಕೇಳಿದಳು: "ಮೇಡಂ, ಅವ್ರು ಹೇಳ್ತಿರೋದು ನಿಜ ಅಲ್ಲ ಅಂತ ನಮಗೆ ಗೊತ್ತಿದ್ರೆ?"

"ನಿಮಗೆ ಗೊತ್ತಿರೋದು ನಿಮ್ಮ ಅಭಿಪ್ರಾಯ. ಅವರು ಹೇಳಿದ್ದು ಮಾಹಿತಿ. ಹೇಳಿದ್ದನ್ನೇ ಬರೀಬೇಕು. ಆಮೇಲೆ ನಮ್ಮ ಸೂಪರ್‌ವೈಸರ್ ಕೆಲವು ಮನೆಗೆ ಹೋಗಿ ಅದೇ ಪ್ರಶ್ನೆ ಮತ್ತೆ ಕೇಳ್ತಾರೆ, ಹುಷಾರು," ಎಂದರು ಮೇಡಂ. ಇಂದಿಗೂ ನಾನು ತರಗತಿಯಲ್ಲಿ ಇದನ್ನೇ ಹೇಳುತ್ತೇನೆ. ಪುಸ್ತಕದಲ್ಲೂ ಇದೇ ಇದೆ. ತಪ್ಪೇನಿಲ್ಲ, ಆದರೂ ಹೇಳಿ ಮುಗಿಸಿ ಬೇಗ ಬೋರ್ಡಿನ ಕಡೆ ತಿರುಗುತ್ತೇನೆ.

ಊರೂರು ಸುತ್ತಿದೆವು. ಕಡಲೆಕಾಯಿ ಬಿಡಿಸುವ ಕಾಲ. ಅಂಗಳಕ್ಕೆ ಕಾಲಿಟ್ಟರೆ ಸಾಕು, ಬಳ್ಳಿ ಒದರಿ ಕಾಯಿ ಬಿಡಿಸುತ್ತಿದ್ದ ಕೈಗಳು ನಿಲ್ಲುತ್ತಿದ್ದವು. ಮಣೆ ಹಾಕುವವರು, ಮಜ್ಜಿಗೆ ತರುವವರು; ಏನೋ ಬರೆದುಕೊಳ್ಳಲು ಯಾರೋ ಬಂದಿದ್ದಾರೆಂದು ಅಕ್ಕಪಕ್ಕದ ಮನೆಯವರೂ ಬಂದು ನಿಲ್ಲುತ್ತಿದ್ದರು. ಪೆನ್ನು ಹಿಡಿದು ಬಂದವರೆಂದರೆ ನಮ್ಮ ಜನಕ್ಕೆ ಮರ್ಯಾದೆ. ಸೌಭಾಗ್ಯಳಿಗೂ ಆ ಮರ್ಯಾದೆ ಸಿಗುತ್ತಿತ್ತು. ಅದೇ ಸೌಭಾಗ್ಯ ಕಾಲರ್ ಹೊಲಿಯುತ್ತಿದ್ದವಳೆಂದು ತಿಳಿದಿದ್ದರೆ ಮಣೆ ಹಾಕುವ ಬದಲು ಮೂಗು ಮುರಿಯುತ್ತಿದ್ದರು. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣೆಂದರೆ ಆಗ ಅಷ್ಟು ಹಗುರ ಮಾತು.

ನಾನು ಪ್ರಶ್ನೆ ಓದುತ್ತಿದ್ದೆ. ಹತ್ತಿರದಲ್ಲಿ ಫ್ಯಾಕ್ಟರಿ ಬಂದರೆ ನಿಮ್ಮ ಮನೆಯ ಹೆಂಗಸರು ಕೆಲಸಕ್ಕೆ ಹೋಗುತ್ತಾರೆಯೇ? ಮನೆಯ ಹಿರಿಯರು ಸುತ್ತ ನಿಂತವರನ್ನು ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಅಂಥ ಗತಿ ನಮಗೇನೂ ಬಂದಿಲ್ಲ ಎನ್ನುತ್ತಿದ್ದರು. ನಾಲ್ಕು ಜನರೆದುರು ಬೇರೆ ಏನನ್ನಲು ಸಾಧ್ಯ? ಬಾಗಿಲ ಮರೆಯಲ್ಲಿ ನಿಂತ ಸೊಸೆಯರು ನೆಲ ನೋಡುತ್ತಿದ್ದರು. ಸೌಭಾಗ್ಯ 'ಇಲ್ಲ' ಎಂದು ಬರೆಯುತ್ತಿದ್ದಳು.

ಊರಿನಿಂದ ಹೊರಟು ದಾರಿಯ ತಿರುವಿಗೆ ಬಂದರೆ, ಹಿಂದಿನಿಂದ ಓಡಿಬಂದ ಯಾರೋ ಒಬ್ಬಳು ಸೌಭಾಗ್ಯಳ ಸೆರಗು ಹಿಡಿಯುತ್ತಿದ್ದಳು. ತಲೆಯ ಮೇಲೆ ರೇಷ್ಮೆ ಸೊಪ್ಪಿನ ಹೊರೆ, ಇಲ್ಲವೇ ಸೊಂಟದಲ್ಲಿ ಬಿಂದಿಗೆ. "ಅಕ್ಕಾ, ಫ್ಯಾಕ್ಟ್ರಿ ಯಾವಾಗ ಬತ್ತೈತೆ? ನನ್ನ ಹೆಸ್ರು ಬರ್ಕಳ್ಳಕ್ಕಾ."

ಒಂದು ಸಲ, ಎರಡು ಸಲ ಸಹಿಸಿದಳು. ಮೂರನೆಯ ಊರಿನಲ್ಲಿ ಸಿಡಿದೇಬಿಟ್ಟಳು. "ಒಳಗಿದ್ದಾಗ ನಿನ್ನ ಬಾಯಿಗೆ ಏನು ಬಡಿದಿತ್ತೇ? ಅಲ್ಲಿ ಮೂಕಬಸವನ ಹಂಗೆ ನಿಂತ್ಕಂಡು ಇಲ್ಲಿ ಬಂದು ಹೆಸ್ರು ಬರ್ಕ ಅಂದ್ರೆ ಯಾವುದ್ರ ಮೇಲೆ ಬರ್ಕಳ್ಳೇ?" ಆ ಹುಡುಗಿ ಸೊಪ್ಪಿನ ಹೊರೆ ಹೊತ್ತು ಸುಮ್ಮನೆ ಹೋದಳು. ಸೌಭಾಗ್ಯ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ.

ಸಂಜೆ ಎಸ್‌ಟಿಡಿ ಬೂತಿನಿಂದ ನನ್ನ ಕೈಲಿ ಮೇಡಂಗೆ ಫೋನ್ ಮಾಡಿಸಿದಳು. ಅಂಗಳದಲ್ಲಿ ಕೇಳಿದರೆ ಪ್ರಯೋಜನವಿಲ್ಲ, ಹೆಂಗಸರನ್ನು ಸೊಪ್ಪಿನ ತೋಟದಲ್ಲೋ ನೀರಿನ ಹತ್ತಿರವೋ ಒಂಟಿಯಾಗಿ ಕೇಳಬೇಕು ಎಂದು ನಾನೇ ಹೇಳಿದೆ, ಆಕೆ ಪಕ್ಕದಲ್ಲಿ ನಿಂತು ಹೇಳಿಸಿದಳು. ಮಾತು ಸರಿಯೇ ಎಂದು ಮೇಡಂ ಒಪ್ಪಿದರು. ಆದರೆ ಕಂಪನಿ ಒಪ್ಪಿರುವುದು ಮನೆಗಳ ಸರ್ವೆಗೆ, ಮಧ್ಯದಲ್ಲಿ ವಿಧಾನ ಬದಲಿಸಿದರೆ ಹಿಂದಿನದೆಲ್ಲ ಕೆಟ್ಟುಹೋಗುತ್ತದೆ, ಮುಂದಿನ ಹಂತದಲ್ಲಿ ಖಂಡಿತ ಸೇರಿಸೋಣ ಎಂದರು. ಆ ಮುಂದಿನ ಹಂತ ಎಲ್ಲಿ ಹೋಯಿತೋ.

ಕೊನೆಗೆ ಬಂದದ್ದು ಸೌಭಾಗ್ಯಳ ಊರು. ಎಣಿಸುತ್ತಾ ಹೋದರೆ ಹತ್ತನೇ ಮನೆ ಆಕೆಯದೇ!

"ಮುಂದಿನ ಮನಿಗೆ ಹೋಗೋಣು ಬರ್ರಿ ಅಕ್ಕಾರ, ಯಾಕ ಸುಮ್ನ ಸಂಕಟ?" ಎಂದೆ.

"ಇಲ್ಲಣ್ಣ, ಇದೊಂದು ಮನೇಲಾದ್ರೂ ಹೌದು ಅಂತ ಬರೀಬೋದಲ್ಲ. ನಮ್ಮತ್ತೆಗೂ ನಾನಿಲ್ಲೇ ಇರ್ಲಿ ಅಂತೈತೆ. ವಯಸ್ಸಾಯ್ತು, ಮಗು ಹಿಂದೆ ಓಡಾಕಾಗಲ್ಲ. ಬಾ," ಎಂದು ನನಗಿಂತ ಮುಂದೆ ನಡೆದಳು. ಅಷ್ಟು ದಿನದಲ್ಲಿ ಆಕೆಯ ಹೆಜ್ಜೆ ಅಷ್ಟು ಹಗುರಾದದ್ದನ್ನು ನಾನು ಕಂಡಿರಲಿಲ್ಲ.

ಅಂಗಳದಲ್ಲಿ ಪಾಪಕ್ಕ ಕಾಯಿ ಬಿಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಗೆ ಆಕೆಯೇ ಯಜಮಾನಿ. ಪಕ್ಕದಲ್ಲಿ, ಕಾಲು ಚಾಚಿಕೊಂಡು, ಬೀದಿಯ ಆಚೆ ಮನೆಯ ಕದಿರಮ್ಮ ಕೂತಿದ್ದಳು. ಸೌಭಾಗ್ಯ ಹೊಸ್ತಿಲ ಹತ್ತಿರವೇ ನಿಂತುಬಿಟ್ಟಳು. ಯಾಕೆಂದು ನನಗೂ ಗೊತ್ತಿತ್ತು: ಸೌಭಾಗ್ಯಳ ನಾದಿನಿಗೆ ಗುಡಿಬಂಡೆ ಕಡೆಯಿಂದ ಸಂಬಂಧ ತಂದಿದ್ದವಳು ಈ ಕದಿರಮ್ಮನೇ. ಮನೆಯ ಸೊಸೆ ಗಾರ್ಮೆಂಟ್ಸಿಗೆ ಹೋಗುತ್ತಾಳೆಂದು ಆಕೆಯ ಕಿವಿಗೆ ಬಿದ್ದರೆ ಗಂಡಿನ ಕಡೆಯವರು ಅಲ್ಲಿಗೇ ಎದ್ದುಹೋಗುತ್ತಾರೆ ಎಂಬುದು ಮನೆಯವರ ಭಯ. ಸೊಸೆ ಬೆಂಗಳೂರಿನಲ್ಲಿ ಮನೆ ನೋಡಿಕೊಂಡಿದ್ದಾಳೆ ಎಂದೇ ಊರಿಗೆಲ್ಲ ಹೇಳಿದ್ದರು.

ಇಬ್ಬರೂ ಅಂಗಳದಲ್ಲಿ ಕೂತ ಕೂಡಲೇ ಶೃತಿ ಓಡಿಬಂದು ತಾಯಿಯ ತೊಡೆಯೇರಿ ಪೆನ್ನಿಗೆ ಕೈ ಹಾಕಿತು. ನಾನು ಪ್ರಶ್ನೆ ಓದಿದೆ.

ಪಾಪಕ್ಕ ಸೊಸೆಯ ಮುಖ ನೋಡಿದಳು, ಮೊಮ್ಮಗಳನ್ನು ನೋಡಿದಳು, ಕದಿರಮ್ಮನನ್ನು ನೋಡಿದಳು. "ನಮ್ಮನೆ ಹೆಣ್ಮಕ್ಳು ಅಂಥ ಕೆಲ್ಸಕ್ಕೆಲ್ಲ ಹೋಗಾಕಿಲ್ಲ ಬುಡಪ್ಪ. ದುಡಿಯಾಕೆ ನನ್ನ ಮಗ ಇಲ್ವಾ?" ಎಂದು ತಲೆ ತಗ್ಗಿಸಿ ಮತ್ತೆ ಕಾಯಿ ಬಿಡಿಸತೊಡಗಿದಳು.

ನನಗೆ ಸಿಟ್ಟು ಬಂತು. "ಅಕ್ಕಾರ, ನೀವೂ ಈ ಮನಿ ಹೆಣ್ಮಗಳು ಅಲ್ಲೇನ್ರಿ? ನೀವೇನಂತೀರಿ?" ಎಂದು ನೇರವಾಗಿ ಕೇಳಿದೆ.

ಅಂಗಳವೆಲ್ಲ ಆಕೆಯತ್ತ ತಿರುಗಿತು. ಸೌಭಾಗ್ಯ ಮಗಳ ಕೈಯಿಂದ ಪೆನ್ನು ಬಿಡಿಸಿಕೊಂಡಳು. "ಅತ್ತೆ ಏನಂದ್ರೋ ಅದೇನೇ," ಎಂದಳು. ಬರೆದಳು. ಅಕ್ಷರ ಎಂದಿನಂತೆ ದುಂಡಗಿತ್ತು.

ಊರು ದಾಟಿ ತಿರುವಿಗೆ ಬಂದೆವು. ಅಲ್ಲಿ ಹಿಂದಿನಿಂದ ಯಾರೋ ಏದುಸಿರು ಬಿಡುತ್ತಾ ಬರುವ ಸದ್ದು. ನೋಡಿದರೆ ಕದಿರಮ್ಮ. ಸೆರಗಿನಿಂದ ಬೆವರು ಒರೆಸಿಕೊಂಡು, ಹಿಂದೆ ಮುಂದೆ ನೋಡಿ, "ಸೌಭಾಗ್ಯವ್ವಾ, ಫ್ಯಾಕ್ಟ್ರಿ ಬಂದ್ರೆ ನನ್ನ ಸೊಸೆ ಹೆಸ್ರು ಮೊದ್ಲು ಬರ್ಕಳ್ಳವ್ವ. ಯಶವಂತಪುರದಾಗೆ ಗಾರ್ಮೆಂಟ್ಸಿಗೆ ಹೋಯ್ತಾವ್ಳೆ, ಕಣ್ಣು ಹೋಗ್ತಾವಂತೆ. ಪಾಪಕ್ಕನ ಕಿವಿಗೆ ಹಾಕ್‌ಬ್ಯಾಡ, ಸಂಬಂಧದ ಮಾತು ನಡೀತೈತೆ," ಎಂದಳು.

ಸೌಭಾಗ್ಯ ಹೂಂ ಎಂದಳು. ಕದಿರಮ್ಮ ಹೋದ ಮೇಲೆ ಅಲ್ಲೇ ದಾರಿಯ ಬದಿ ಕೂತು, ಸೆರಗು ಬಾಯಿಗೆ ತುಂಬಿಕೊಂಡು ಅತ್ತಳು. "ಹೊಡದಾಕಿ ಹೌದು ಅಂತ ಬರೀರಿ, ನಾ ಸಹಿ ಹಾಕ್ತೀನಿ," ಎಂದೆ. ಬೇಡವೆಂದು ತಲೆಯಾಡಿಸಿದಳು. "ಸೂಪರ್‌ವೈಸರ್ ಬಂದು ಮತ್ತೆ ಅದೇ ಅಂಗಳದಾಗೆ ಕೇಳ್ತಾರಲ್ಲಣ್ಣ. ಅತ್ತೆ ಮತ್ತೆ ಇಲ್ಲ ಅಂತಾಳೆ. ನಾನೂ ಇಲ್ಲಾನೇ ಅಂತೀನಿ." ಹಾಳೆಗಳನ್ನು ಜೋಡಿಸಿಕೊಳ್ಳುತ್ತಾ, "ಆ ಹುಡುಗೀರನ್ನೆಲ್ಲ ಬಾಯಿಗೆ ಬಂದಂಗೆ ಬೈದ್ನಲ್ಲ," ಎಂದಳು.

ಸರ್ವೆ ಮುಗಿದ ವಾರಕ್ಕೆ ಆಕೆ ಬೆಂಗಳೂರಿನ ಬಸ್ಸು ಹತ್ತಿದಳು. ಬಿಡಲು ನಾನೂ ಹೋಗಿದ್ದೆ. ಮಗು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಅಜ್ಜಿಯ ಕಂಕುಳಲ್ಲಿ ಕೂತು, "ಬೆಂಗ್ಳೂರಮ್ಮ, ಮತ್ತೆ ಯುಗಾದಿಗೆ ಬತ್ತೀಯಾ?" ಎಂದು ನೆಂಟರನ್ನು ಕೇಳುವಂತೆ ಕೇಳಿತು.

ಫ್ಯಾಕ್ಟರಿ ಗಡಿಯಾಚೆಗೆ ಹೋಯಿತು. ನಮ್ಮ ಸೀಮೆಯ ಹೆಂಗಸರು ಕೆಲಸಕ್ಕೆ ಬರುವುದಿಲ್ಲ ಎಂದು ವರದಿಯಲ್ಲಿ ಬಂದಿತ್ತು. ಆಚೆಯ ತಾಲೂಕಿನಲ್ಲಿ ಸರ್ವೆ ಮಾಡಿದ್ದ ಒಬ್ಬ ಹುಡುಗ ನನಗೆ ಆಮೇಲೆ ಬಳ್ಳಾರಿಯಲ್ಲಿ ಸಿಕ್ಕ. ಬಿಸಿಲಿಗೆ ಬೇಸತ್ತು ಹುಣಸೆಮರದ ಕೆಳಗೆ ಕೂತು ಎಲ್ಲ ಹಾಳೆಗೂ ಹೌದು ಹೌದು ಎಂದು ತಾವೇ ತುಂಬಿದ್ದರಂತೆ. ಮರುಪರಿಶೀಲನೆಗೂ ಆ ಕಡೆ ಯಾರೂ ಬರಲಿಲ್ಲವೆಂದು ಕಿಸಿಕಿಸಿ ನಕ್ಕು ಹೇಳಿದ. ಆ ಫ್ಯಾಕ್ಟರಿ ಬಾಗಿಲು ತೆರೆದ ದಿನ ಹೆಂಗಸರು ಆಟೋ ತುಂಬ ಬಂದರು, ಇಂದಿಗೂ ಬರುತ್ತಿದ್ದಾರೆ. ಅವರು ಬರೆದದ್ದು ಸುಳ್ಳು, ಆದದ್ದು ನಿಜ. ನಾವು ಒಂದಕ್ಷರ ಸುಳ್ಳು ಬರೆಯಲಿಲ್ಲ. ಇದನ್ನು ಯಾವ ಅಧ್ಯಾಯದಲ್ಲಿ ಕಲಿಸಬೇಕೋ ನನಗೆ ತಿಳಿಯದು.

ಆರೇಳು ವರ್ಷದ ಹಿಂದೆ ನಮ್ಮ ಕಾಲೇಜಿನ ಹುಡುಗರನ್ನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ತೋರಿಸಲು ಕರೆದುಕೊಂಡು ಹೋಗಿದ್ದೆ. ನೋಡಿಕೊಂಡು ಬರುವುದರ ಜೊತೆಗೆ ಸಣ್ಣದೊಂದು ಸರ್ವೆಯನ್ನೂ ಮಾಡಬೇಕಿತ್ತು. ಊಟದ ಬಿಡುವಿನಲ್ಲಿ ನೀರಿನ ನಲ್ಲಿಯ ಹತ್ತಿರ ನರೆತ ಹೆಂಗಸೊಬ್ಬಳು, "ರುದ್ರಣ್ಣಾ" ಎಂದಳು. ಕಣ್ಣು ನೋಡಿದೆ. ಈಗ ಹಳದಿಯಿರಲಿಲ್ಲ, ಕೆಂಪಿತ್ತು.

ಪಾಪಕ್ಕ ತೀರಿಕೊಂಡು ವರ್ಷವಾಯಿತಂತೆ. ನಾದಿನಿ ಮದುವೆಯಾದ ಮರುವರ್ಷವೇ ಗಂಡನ ಮನೆಯವರ ಜೊತೆ ಗಾರ್ಮೆಂಟ್ಸಿಗೆ ಸೇರಿದಳಂತೆ; ಅವರ ಮನೆಯ ಹೆಂಗಸರೆಲ್ಲ ಮೊದಲಿನಿಂದಲೂ ಅಲ್ಲಿದ್ದವರೇ. ಶೃತಿ ಇಂಟರ್ ಅರ್ಧಕ್ಕೆ ಬಿಟ್ಟು ತಾಯಿಯ ಹತ್ತಿರ ಬಂದಿದ್ದಾಳೆ.

"ಈಗ ನನ್ನ ಪಕ್ಕದ ಮಿಷಿನ್ನೇ ಅವಳ್ದು," ಎಂದಳು. ದನಿಯಲ್ಲಿ ಹೆಮ್ಮೆಯಿತ್ತು, ನನಗೆ ಅದನ್ನು ಕೇಳಲಾಗಲಿಲ್ಲ. "ನಾನು ಕಾಲರ್, ಅವಳು ತೋಳಿನ ಕಫ್. ಒಂದು ಲೈನಾಗೆ ಸಂಬಂಧದವ್ರನ್ನ ಕೂರ್ಸಲ್ಲ ಕಣಣ್ಣ. ಗೊತ್ತಾದ್ರೆ ಬೇರೆ ಯೂನಿಟ್ಟಿಗೆ ಹಾಕ್ತಾರೆ. ಅದ್ಕೆ ಇಲ್ಲಿ ನನ್ನ ಆಂಟಿ ಅಂತಾಳೆ."

ಬಿಡುವು ಮುಗಿದು ಮಿಷಿನ್ನುಗಳು ಶುರುವಾದವು. ನನ್ನ ವಿದ್ಯಾರ್ಥಿ ಹಾಳೆ ಹಿಡಿದು ಅದೇ ಲೈನಿಗೆ ಹೋದ. ಹಿಂದೆ ಕೈಕಟ್ಟಿ ಸೂಪರ್‌ವೈಸರ್ ನಿಂತಿದ್ದ. ನಾನು ಹುಡುಗನನ್ನು ತಡೆಯುವಷ್ಟರಲ್ಲಿ ಆತ ಪ್ರಶ್ನೆ ಓದಿಬಿಟ್ಟ: "ನಿಮ್ಮ ಕುಟುಂಬದವರು ಯಾರಾದ್ರೂ ಇಲ್ಲಿ ಕೆಲ್ಸ ಮಾಡ್ತಾರೇನ್ರಿ?"

"ಇಲ್ಲ," ಎಂದಳು ಸೌಭಾಗ್ಯ.

ಪಕ್ಕದ ಮಿಷಿನ್ನಿನ ಹುಡುಗಿಯನ್ನೂ ಕೇಳಿದ. ಆಕೆ ತಲೆಯೆತ್ತಲಿಲ್ಲ, ಸೂಜಿಯ ಕೆಳಗಿನ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತಾ, "ಇಲ್ಲ ಸಾರ್," ಎಂದಳು.

ಹುಡುಗ ಇಬ್ಬರ ಉತ್ತರವನ್ನೂ ಹೇಳಿದ್ದು ಹೇಳಿದಂತೆ ಬರೆದುಕೊಂಡ, ನಾನು ಕಲಿಸಿದ ಹಾಗೆಯೇ. ಸಂಜೆ ಬಸ್ಸಿನಲ್ಲಿ ಹಾಳೆಗಳನ್ನು ತಂದುಕೊಟ್ಟ. ಮಾರ್ಗದರ್ಶಕರು ಸಹಿ ಮಾಡಬೇಕಾದ ಜಾಗದಲ್ಲಿ ನಾನು ಸಹಿ ಮಾಡಿದೆ.