ಕಂಡಕ್ಟರ್ ಹುಲಿಗೆಮ್ಮಕ್ಕ ಕಾರು ನೋಡಿದ್ದು

ಹಳೆಯ ಕಾರು ನೋಡಲು ಹೋದವರು ಯಾರೇ ಆಗಲಿ ಮೊದಲು ಬಾನೆಟ್ ಎತ್ತಿಸುತ್ತಾರೆ. ಒಳಗಿನದು ಏನೂ ತಿಳಿಯದಿದ್ದರೂ ಗಂಭೀರವಾಗಿ ತಲೆ ಆಡಿಸುತ್ತಾರೆ. ಹುಲಿಗೆಮ್ಮಕ್ಕ ಹಾಗಲ್ಲ. ಆಕೆ ಕಾರಿಗೆ ಬೆನ್ನು ಹಾಕಿ ನಿಂತು ಮಾರುವವನ ಮುಖ ನೋಡುತ್ತಿದ್ದಳು. ಟಿಕೆಟ್ ತೆಗೆಸದೆ ಕೊನೆಯ ಸೀಟಿನಲ್ಲಿ ನಿದ್ದೆ ಬಂದವನಂತೆ ಕೂತವನನ್ನು ನೋಡುವ ನೋಟ ಅದು. ಪಾಪ, ಎಷ್ಟೋ ಜನ ಆಕೆ ಬಾಯಿ ತೆರೆಯುವ ಮೊದಲೇ ಬಂಪರ್ ಬದಲಿ ಮಾಡಿಸಿದ್ದನ್ನು ತಾವಾಗಿಯೇ ಒಪ್ಪಿಕೊಂಡುಬಿಡುತ್ತಿದ್ದರು.

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಸರ್ಕಾರಿ ಬಸ್ಸಿಗೆ ಆಕೆ ಕಂಡಕ್ಟರ್. ಸೀರೆಯ ಮೇಲೆ ಖಾಕಿ ಅಂಗಿ, ಕೊರಳಲ್ಲಿ ವಿಸಲ್, ಬಾಯಲ್ಲಿ ಎಲೆಯಡಿಕೆ. ಆಕೆ ವಿಸಲ್ ಊದಿದರೆ ಮುಂದೆ ನಿಂತವರು ಸೆರಗಿನಿಂದ ಮುಖ ಒರೆಸಿಕೊಳ್ಳಬೇಕಾಗುತ್ತಿತ್ತು. ಕುಳ್ಳಗಿನ ಹೆಂಗಸು, ಮೇಲಿನ ಸರಳು ಕೈಗೆ ಎಟುಕದಿದ್ದರೂ ಬಸ್ಸು ಎಷ್ಟೇ ಓಲಾಡಲಿ ಬಿದ್ದದ್ದನ್ನು ಯಾರೂ ಕಂಡಿಲ್ಲ. ಕಂಡಕ್ಟರ್ ಸೀಟಿನಲ್ಲಿ ಆಕೆ ಕೂತದ್ದನ್ನೂ ನಾನು ಕಂಡಿಲ್ಲ. ಅಲ್ಲಿ ಸದಾ ಯಾರಾದರೊಬ್ಬ ಮುದುಕಿ ಚೀಲ ಅವುಚಿಕೊಂಡು ಕೂತಿರುತ್ತಿದ್ದಳು. ಆ ಮುದುಕಿಯರನ್ನೆಲ್ಲ ಬಸ್ಸಿನ ಮೆಟ್ಟಿಲಿಂದ ಮೇಲಕ್ಕೆ ಎಳೆದುಕೊಳ್ಳುತ್ತಿದ್ದವಳೂ ಆಕೆಯೇ. "ಕೈ ಕೊಡವ್ವ" ಎಂದು ಬಾಗಿಲಲ್ಲಿ ಬಗ್ಗುವಳು, ಒಂದೇ ಎಳೆತ, ಮುದುಕಿ ಒಳಗೆ.

ಕಾರು ನೋಡುವ ವಿದ್ಯೆಯನ್ನು ಆಕೆಗೆ ಕಲಿಸಿದ್ದು ಅರ್ಧ ಟಿಕೆಟ್. ತೊಡೆಯ ಮೇಲೆ ಕೂರಿಸಿಕೊಂಡ ಮಗನ ಕಾಲು ನೆಲ ಮುಟ್ಟುತ್ತಿದ್ದರೂ ತಾಯಿ ಅವನಿಗಿನ್ನೂ ಐದು ತುಂಬಿಲ್ಲ ಎಂದು ಆಣೆ ಮಾಡುತ್ತಾಳೆ. ಹುಲಿಗೆಮ್ಮಕ್ಕ ತಾಯಿಯ ಜೊತೆ ವಾದಕ್ಕೇ ಇಳಿಯುತ್ತಿರಲಿಲ್ಲ. ಬಗ್ಗಿ ಹುಡುಗನ ಗಲ್ಲ ಹಿಡಿದು, "ಯಾವ ಕ್ಲಾಸಪಾ ಸರದಾರ?" ಎನ್ನುತ್ತಿದ್ದಳು. ಸರದಾರ ಎದೆ ಉಬ್ಬಿಸಿ "ಮೂರನೇತ್ತ" ಎನ್ನುತ್ತಿದ್ದ. ಬಸ್ಸೆಲ್ಲ ನಗು. ತಾಯಿಯೂ ನಕ್ಕು ಟಿಕೆಟ್ ತೆಗೆಸುತ್ತಿದ್ದಳು.

"ಇಂಜಿನ್ ನನಗ ತಿಳಿಯಂಗಿಲ್ಲ, ಸುಳ್ಳು ತಿಳೀತೈತಿ" ಎಂಬುದು ಆಕೆಯ ಮಾತು. "ಮಾರಾವನ್ನ ಕೇಳಬ್ಯಾಡ್ರಿ, ಕೂಸಿನ್ನ ಕೇಳ್ರಿ. ಕೂಸು ಖರೇ ಹೇಳ್ತೈತಿ." ಇಲ್ಲಿ ಕೂಸು ಎಂದರೆ ಕಾರು. ಈ ವಿದ್ಯೆಯಿಂದ ಆಕೆ ಡಿಪೋದ ಅರ್ಧ ಮಂದಿಗೆ ಹಳೆ ಗಾಡಿ ಆರಿಸಿಕೊಟ್ಟಿದ್ದಳು. ಕೈಕೊಟ್ಟದ್ದು ಒಂದೇ ಒಂದು, ಅದೂ ಸ್ವಂತ ತಮ್ಮನ ಕಾರು. ಮನೆಗೆ ತಂದ ವಾರದಲ್ಲೇ ಗೇರ್‌ಬಾಕ್ಸ್ ಕೂತುಬಿಟ್ಟಿತು. ಆ ಮಾತನ್ನು ಯಾರಾದರೂ ಎತ್ತಿದರೆ ಆಕೆಗೆ ಸಿಟ್ಟು ಬರುತ್ತಿತ್ತು. ಮಾರಿದವನು ಸುಳ್ಳು ಹೇಳಿರಲೇ ಇಲ್ಲವಂತೆ, ಪಾಪ ಅವನಿಗೇ ಗೊತ್ತಿರಲಿಲ್ಲವಂತೆ! ಅಂಥ ಬೆಪ್ಪನನ್ನು ಹಿಡಿಯುವುದು ದೇವರ ಕೈಯಲ್ಲೂ ಆಗುವುದಿಲ್ಲ ಎಂದು ಆಕೆಯ ತೀರ್ಮಾನ.

ನನ್ನ ಮನೆ ಸಿಂಧನೂರು, ಗುಮಾಸ್ತಿಕೆ ಮಸ್ಕಿಯ ಒಂದು ಕಚೇರಿಯಲ್ಲಿ. ದಿನಾ ಆಕೆಯ ಬಸ್ಸೇ. ಮೊದಲೆಲ್ಲ ತಿಂಗಳಿಗೊಮ್ಮೆ ಅವ್ವನೂ ಅದೇ ಬಸ್ಸಿಗೆ ಲಿಂಗಸುಗೂರಿಗೆ ಹೋಗಿ, ಅಲ್ಲಿಂದ ಗುರುಗುಂಟಾಕ್ಕೆ ತಂಗಿಯ ಮನೆಗೆ ಹೋಗಿಬರುತ್ತಿದ್ದಳು. ಮೂರು ವರ್ಷದ ಹಿಂದೆ ಮೊಣಕಾಲು ಹೋದ ಮೇಲೆ ಅದು ನಿಂತಿತು. ಹುಲಿಗೆಮ್ಮಕ್ಕ ಎಳೆದುಕೊಂಡರೂ ಕಾಲು ಮೆಟ್ಟಿಲಿಗೆ ಏಳಬೇಕಲ್ಲ! ಇತ್ತ ಗುರುಗುಂಟಾದ ಚಿಕ್ಕವ್ವನಿಗೆ ಕಣ್ಣು ಮಂಜಾಗಿ ಬಸ್ಸಿನ ಬೋರ್ಡು ಕಾಣುವುದಿಲ್ಲ. ಒಬ್ಬಳಿಗೆ ಬಸ್ಸು ಹತ್ತಲಿಕ್ಕಾಗದು, ಇನ್ನೊಬ್ಬಳಿಗೆ ಯಾವ ಬಸ್ಸೆಂದು ತಿಳಿಯದು. ಇಬ್ಬರೂ ಫೋನಿನಲ್ಲಿ ಓಣಿಗೆಲ್ಲ ಕೇಳುವಂತೆ ಕೂಗಾಡಿ, ಏನೂ ಕೇಳಿಸದೆ ಇಟ್ಟುಬಿಡುತ್ತಿದ್ದರು. ಬಾಡಿಗೆ ಕಾರು ಮಾಡುತ್ತೇನೆಂದರೆ ಅವ್ವನಿಗೆ ಬೇಡ. ಎರಡು ಮಾತು ಆಡುವುದರೊಳಗೆ ಡ್ರೈವರ್ ಹೊರಗೆ ಹಾರನ್ ಒತ್ತುತ್ತಾನೆ, ಮೂರು ವರ್ಷದ ಮಾತು ಹಾರನ್ನಿನ ಕೆಳಗೆ ಆಡುವಂಥದ್ದಲ್ಲ ಎನ್ನುತ್ತಿದ್ದಳು. ನೆರೆಮನೆಯವರ ಮುಂದೆ ಮಾತ್ರ ತನ್ನ ತಂಗಿಯ ಮುಖ ಮರೆಯುವ ಮೊದಲು ಒಮ್ಮೆ ನೋಡಬೇಕು ಎಂದು ಹೇಳಿಕೊಳ್ಳುತ್ತಿದ್ದಳಂತೆ. ಅದು ನನ್ನ ಕಿವಿಗೆ ಬಿದ್ದ ಮರುದಿನವೇ ಡ್ರೈವಿಂಗ್ ಕಲಿಯಲು ಸೇರಿದೆ.

ಒಂದು ಮುಂಜಾನೆ ಹುಲಿಗೆಮ್ಮಕ್ಕ ಟಿಕೆಟ್ ಯಂತ್ರ ಬಗಲಿಗೆ ಹಾಕಿಕೊಂಡು ನನ್ನ ಪಕ್ಕ ನಿಂತು, ಅವ್ವ ಈಗ ತಂಗಿಯನ್ನು ನೋಡಲು ಹೇಗೆ ಹೋಗುತ್ತಾಳೆಂದು ಕೇಳಿದಳು. ಎಲ್ಲ ಹೇಳಿದೆ. ಡ್ರೈವಿಂಗ್ ಕಲಿತಿದ್ದೇನೆ, ಹಳೆಯದೊಂದು ಸಣ್ಣ ಕಾರು ಕೊಳ್ಳಬೇಕೆಂದಿದ್ದೇನೆ, ಆದರೆ ನನ್ನ ಹತ್ತಿರ ಇರುವ ದುಡ್ಡಿಗೆ ಹೊಸ ಕಾರಿನ ಬಾಗಿಲೂ ಬರುವುದಿಲ್ಲ ಎಂದೆ. ಆಕೆಯ ನಿವೃತ್ತಿಗೆ ಎರಡು ತಿಂಗಳಿತ್ತು. ಎಲೆಯಡಿಕೆ ದವಡೆಗೆ ಸರಿಸಿ ಹೇಳಿದಳು:

"ನಾ ಬಸ್ ಇಳಿಯೋದ್ರೊಳಗ ನಿಮ್ಮವ್ವನ್ನ ಕಾರ್ ಹತ್ತಿಸ್ತೀನಿ. ನೋಡ್ತಿರು ಸುಜಾತಾ."

ಮೊದಲ ಕಾರು ಸಿಂಧನೂರಿನಲ್ಲೇ, ಅಕ್ಕಿ ಗಿರಣಿಗಳ ಕಡೆ. ಬಿಳಿಯದು, ಥಳಥಳ. ಒಳಗೆ ಊದಿನಕಡ್ಡಿಯ ಘಮ. ಮುಂದೆ ನಿಂಬೆಹಣ್ಣು, ಹಿಂದೆ ನಾಲ್ಕು ದೇವರು. ದಿನಾ ಪೂಜೆ ಮಾಡಿಯೇ ಹೊರಗೆ ತೆಗೆಯುತ್ತಿದ್ದೆನೆಂದು ಮಾರುವವನು ಹೇಳಿದ. ಹುಲಿಗೆಮ್ಮಕ್ಕ ದೇವರುಗಳಿಗೆಲ್ಲ ಕೈಮುಗಿದು ಹಿಂದೆ ಹೋಗಿ ಡಿಕ್ಕಿ ತೆಗೆಸಿದಳು. ಸ್ಟೆಪ್ನಿಯನ್ನು ನನ್ನ ಕೈಲೇ ಎತ್ತಿಸಿದಳು. ಕೆಳಗಿನ ಗುಂಡಿಯಲ್ಲಿ ಸಣ್ಣಗೆ ನೀರು, ನೀರಿನಲ್ಲಿ ಹಸಿರಾಗಿ ಬತ್ತದ ಸಸಿ! ಚೀಲ ಸಾಗಿಸುವಾಗ ಉದುರಿದ ಕಾಳು, ಮೇಲಿಂದ ಸೋರಿದ ಮಳೆ, ಎರಡೂ ಕೂಡಿ ಬೆಳೆ ಬಂದಿತ್ತು.

"ನಾಟಿಗೆ ಬಂದೈತ್ರಿ" ಎಂದು ಹುಲಿಗೆಮ್ಮಕ್ಕ ಒಂದು ಸಸಿ ಕಿತ್ತು ಅವನ ಕೈಗೆ ಕೊಟ್ಟಳು. ಮಳೆಗೆ ಸೋರುವ ಕಾರಿನ ತಳ ತುಕ್ಕು ತಿನ್ನದೆ ಬಿಡುವುದಿಲ್ಲ ಎಂದು ದಾರಿಯಲ್ಲಿ ನನಗೆ ಬಿಡಿಸಿ ಹೇಳಿದಳು. ನೆಲದ ಮ್ಯಾಟ್ ಎತ್ತಿ ಮೂಗು ಇಟ್ಟು ನೋಡಬೇಕಂತೆ. ಘಮಘಮ ಅಂದಷ್ಟೂ ಅನುಮಾನ ಪಡಬೇಕಂತೆ.

ಎರಡನೆಯದು ಲಿಂಗಸುಗೂರಿನದು. ಡಾಕ್ಟರಮ್ಮನ ಕಾರು, ಮನೆಯಿಂದ ಆಸ್ಪತ್ರೆಗೆ ಬಿಟ್ಟು ಬೇರೆಲ್ಲೂ ಓಡಿಲ್ಲ ಎಂದು ದಲ್ಲಾಳಿಯ ವರ್ಣನೆ. ಹುಲಿಗೆಮ್ಮಕ್ಕ ನಮಸ್ಕಾರ ಹೇಳುವ ನೆಪದಲ್ಲಿ ಬಾನೆಟ್ ಮೇಲೆ ಅಂಗೈ ಊರಿದಳು. ಬಿಸಿ ಇತ್ತು. ನಾವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾನೆ, ಅಂದರೆ ಮುಂಜಾನೆ ತಣ್ಣಗಿದ್ದಾಗ ಇದು ಏಳಲು ಹಟ ಮಾಡುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆಮೇಲೆ ಮಂಡಿಯೂರಿ ಪೆಡಲ್‌ಗಳನ್ನು ನೋಡಿದಳು. ಮೀಟರು ತೋರಿಸುತ್ತಿದ್ದದ್ದು ಸಣ್ಣ ಓಟ. ಪೆಡಲಿನ ರಬ್ಬರು ಮಾತ್ರ ಸವೆದು ಕಬ್ಬಿಣ ಹಲ್ಲು ಕಿರಿಯುತ್ತಿತ್ತು. ಹುಲಿಗೆಮ್ಮಕ್ಕ ಪೆಡಲನ್ನೇ ಮಾತಾಡಿಸಿದಳು: "ಯಾವ ಕ್ಲಾಸಪಾ ಸರದಾರ?" ದಲ್ಲಾಳಿಗೆ ಏನೂ ಅರ್ಥವಾಗಲಿಲ್ಲ. ನಾನು ನಗು ತಡೆಯಲಾರದೆ ಹೊರಗೆ ಬಂದೆ.

ಮೂರನೆಯದಕ್ಕೆ ನನಗೂ ಆಕೆಗೂ ಜಗಳವಾಯಿತು. ನೀಲಿ ಕಾರು. ನಾನು ಅದಕ್ಕೆ ಮನಸೋತಿದ್ದೆ. ಮ್ಯಾಟು, ಪೆಡಲು, ಟೈರು, ಎಲ್ಲದರಲ್ಲೂ ಪಾಸಾಯಿತು. ಮೆಕ್ಯಾನಿಕ್ ಕೂಡ ಇಂಜಿನ್ ಒಳ್ಳೆಯದೆಂದ. ಹುಲಿಗೆಮ್ಮಕ್ಕ ಮಾತ್ರ ಅದನ್ನು ನಮ್ಮ ಮನೆಯ ಮುಂದೆ ತರಿಸಿ, ಅವ್ವನನ್ನು ಕರೆದು ಹಿಂದಿನ ಸೀಟಿನಲ್ಲಿ ಕೂರಿಸಿ, "ಈಗ ಇಳಿದು ತೋರಸವ್ವ" ಎಂದಳು. ಸೀಟು ತಗ್ಗು. ಅವ್ವ ಬಾಗಿಲು ಹಿಡಿದಳು, ಮುಂದಿನ ಸೀಟು ಹಿಡಿದಳು, ಉಸಿರು ಬಿಗಿಹಿಡಿದಳು, ಏಳಲಾಗಲಿಲ್ಲ. ಕೊನೆಗೆ ನಾವಿಬ್ಬರೂ ಸೇರಿ ಎಬ್ಬಿಸಿದೆವು.

ಹುಲಿಗೆಮ್ಮಕ್ಕ ಕಾರು ಬೇಡವೆಂದಳು. ನನಗೆ ರೇಗಿತು. ಎಬ್ಬಿಸಲು ನಾನಿದ್ದೇನೆ, ನಿಮ್ಮ ಹಟಕ್ಕೆ ಇದ್ದಬದ್ದ ಕಾರೂ ಹೋಗುತ್ತದೆ, ನಿಮ್ಮ ತಮ್ಮನ ಕಾರು ಗೊತ್ತಿಲ್ಲವೇ ಎಂದೂ ಅಂದುಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. ಮೊದಲ ಸಲ ಮೆಲ್ಲಗೆ ಮಾತಾಡಿದಳು.

"ಎತ್ತಿ ಇಳಿಸಿದ್ರ ನಿಮ್ಮವ್ವ ತಂಗಿ ಮುಂದ ರೋಗಿ ಆಗಿ ಇಳೀತಾಳ. ತಾನ ಇಳಿದ್ರ ಅಕ್ಕ ಆಗಿ ಇಳೀತಾಳ. ಯಾವ್ದು ಬೇಕು ನೀ ಹೇಳು."

ನಾನು ನೀಲಿ ಕಾರಿನವನಿಗೆ ಕೈಮುಗಿದು ಕಳಿಸಿದೆ. ಅವ್ವ ಅಂದು ರಾತ್ರಿ, ಕಾರಿನ ಗೊಡವೆ ಸಾಕು, ತನಗೆ ಫೋನೇ ಸಾಕು ಎಂದಳು. ಆಕೆಯ ಆಸೆ ಆರಿದ್ದು ನನಗೆ ಕಂಡಿತು.

ಹುಲಿಗೆಮ್ಮಕ್ಕನ ನೌಕರಿಯ ಕೊನೆಯ ವಾರದಲ್ಲಿ ಮಸ್ಕಿಯಲ್ಲಿ ಒಂದು ಕಾರಿದೆಯೆಂದು ಸುದ್ದಿ ಬಂತು. ನಿವೃತ್ತ ಮಾಸ್ತರರೊಬ್ಬರದು. ಆಕೆಗೆ ರಜೆ ಇಲ್ಲ. ಬಸ್ಸು ಮಸ್ಕಿ ನಿಲ್ದಾಣದಲ್ಲಿ ನಿಲ್ಲುವಷ್ಟು ಹೊತ್ತಿನಲ್ಲೇ ನೋಡಬೇಕು. ಮಾಸ್ತರರು ಕಾರನ್ನು ಅಲ್ಲಿಗೇ ತಂದರು. ಡಬ್ಬಿಯಂಥ ಎತ್ತರದ ಕಾರು, ಬಣ್ಣ ಹಳಸಿದ ಮಜ್ಜಿಗೆಯದು. ಹುಲಿಗೆಮ್ಮಕ್ಕ ಎಂದಿನಂತೆ ಮುಖ ನೋಡಿದಳು. ಮಾಸ್ತರರು ತಾವಾಗಿಯೇ ಕ್ಲಚ್ ಬಡವಾಗಿದೆ, ಎಡಬಾಗಿಲು ಒಮ್ಮೆ ಎಮ್ಮೆಗೆ ತಾಗಿದೆ, ತಪ್ಪು ಎಮ್ಮೆಯದಲ್ಲ ಎಂದರು. ಆಕೆ ಗಾಬರಿಯಾದಳು. ಸತ್ಯವಂತರ ಮುಂದೆ ಆಕೆಯ ವಿದ್ಯೆ ನಡೆಯುವುದಿಲ್ಲ, ತಮ್ಮನ ಕಾರೂ ನೆನಪಾಗಿರಬೇಕು.

ಅಷ್ಟರಲ್ಲಿ ಬಸ್ಸಿನ ಕಿಟಕಿಗಳೆಲ್ಲ ತುಂಬಿದ್ದವು. ಟೈರಿನ ಗೆರೆಯಲ್ಲಿ ನಾಣ್ಯ ಇಟ್ಟು ನೋಡಿರೆಂದು ಒಬ್ಬರು, ಸ್ಟೇರಿಂಗ್ ಬಿಟ್ಟು ಓಡಿಸಿ ಒಂದು ಕಡೆಗೆ ಎಳೆಯುತ್ತದೋ ನೋಡಿರೆಂದು ಇನ್ನೊಬ್ಬರು, ಹೊಗೆ ನೀಲಿ ಬಂದರೆ ಮುಟ್ಟಲೇಬೇಡಿರೆಂದು ಮೂರನೆಯವರು. ಕುರಿಮರಿ ಹಿಡಿದುಕೊಂಡಿದ್ದ ಅಜ್ಜನೊಬ್ಬ ಕೆಳಗಿಳಿದು ಬಂದು ಕಾರಿನ ಬೆನ್ನು ಒತ್ತಿ ನೋಡಿ ಗಟ್ಟಿ ಇದೆ ಎಂದ. ಡ್ರೈವರ್ ಹೊತ್ತಾಯಿತೆಂದು ಹಾರನ್ ಮೇಲೆ ಹಾರನ್. ಹುಲಿಗೆಮ್ಮಕ್ಕ ಆರ್.ಸಿ. ಹಿಡಿದು ಚಾಸಿ ನಂಬರ್ ತಾಳೆ ನೋಡಿದಳು, ಪಾಸಿನ ಫೋಟೊವನ್ನೂ ಹುಡುಗನ ಮುಖವನ್ನೂ ನೋಡುವ ಹಾಗೆ. ಸಾಲ ತೀರಿದ ಕಾಗದ, ವಿಮೆ, ಎಲ್ಲ ಸರಿ ಇತ್ತು. ಬಸ್ಸಿಗೆ ಓಡುತ್ತ, ಮೆಕ್ಯಾನಿಕ್‌ಗೆ ತೋರಿಸಿ ಸಂಜೆ ಸಿಂಧನೂರಿಗೆ ನಮ್ಮ ಮನೆಗೆ ತನ್ನಿರೆಂದು ಮಾಸ್ತರರಿಗೆ ಕೂಗಿ ಹೇಳಿದಳು.

ಸಂಜೆ ಹುಲಿಗೆಮ್ಮಕ್ಕ, ಅವ್ವ ಬೇಡವೆಂದರೂ ಕೇಳದೆ, ಅವಳನ್ನು ಕಾರಿನಲ್ಲಿ ಕೂರಿಸಿದಳು. ಅವ್ವ ಕುರ್ಚಿಯಲ್ಲಿ ಕೂತ ಹಾಗೆ ಕೂತಳು. ಇಳಿ ಎಂದಾಗ ಕಾಲು ಹೊರಗೆ ಇಟ್ಟು, ಬಾಗಿಲು ಹಿಡಿದು, ಎದ್ದು ನಿಂತಳು. ನಿಂತು ನನ್ನ ಮುಖ ನೋಡಿದಳು. ಮತ್ತೆ ಕೂತಳು, ಮತ್ತೆ ಎದ್ದಳು. ಯಾರೂ ಹೇಳದಿದ್ದರೂ ಇನ್ನೊಮ್ಮೆ. ನನಗೆ ಅಳು ಬಂತು. ಹುಲಿಗೆಮ್ಮಕ್ಕ ಮಾಸ್ತರರ ಜೊತೆ ಕ್ಲಚ್ಚಿನ ಚೌಕಾಶಿಗೆ ನಿಂತಳು. ಸ್ಟೇರಿಂಗ್ ಎಡಕ್ಕೆ ತಿರುಗಿಸಿದಾಗ ಮಾತ್ರ ಹಾರನ್ ಹೊಡೆಯುತ್ತದೆಂದು ಕಾರು ನಮ್ಮದಾದ ಮೇಲೆ ತಿಳಿಯಿತು, ಅದು ಆಕೆಗೂ ತಪ್ಪಿಹೋಗಿತ್ತು. ಮಾಸ್ತರರಿಗೂ ಗೊತ್ತಿರಲಿಲ್ಲ.

ಈಗ ಹುಲಿಗೆಮ್ಮಕ್ಕ ಕಲಬುರಗಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಆಕೆಯ ಬಸ್ಸಿಗೆ ಬಂದಿರುವ ಹೊಸ ಕಂಡಕ್ಟರ್ ಸಭ್ಯ ಹುಡುಗ. ಟಿಕೆಟ್ ಕೊಡುತ್ತಾನೆ, ಚಿಲ್ಲರೆ ಕೊಡುತ್ತಾನೆ, ಕಂಡಕ್ಟರ್ ಸೀಟಿನಲ್ಲಿ ಕೂರುತ್ತಾನೆ. ಮಸ್ಕಿ ದಾರಿ ಸಪ್ಪಗಾಗಿದೆ. ನಾನು ಆಕೆಯನ್ನು ಕೊನೆಯ ಸಲ ನೋಡಿದ್ದು ನಿವೃತ್ತಿಯ ಮರುದಿನ, ಗುರುಗುಂಟಾದಲ್ಲಿ.

ಅಂದು ಮುಂಜಾನೆ ನಮ್ಮ ಜೊತೆ ಹೊರಡಲು ಮನೆಗೆ ಬಂದ, ಖಾಕಿ ಇಲ್ಲದ ಆಕೆಯನ್ನು ನಾನು ಮೊದಲು ಗುರುತಿಸಲಿಲ್ಲ. ಅವ್ವನ ಪಕ್ಕ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ನನಗೆ ಹಂಪ್ ಹೇಳಿದಳು, ತಿರುವು ಹೇಳಿದಳು, ಮಸ್ಕಿಯಲ್ಲಿ ನಿಲ್ಲಿಸಬೇಡ, ಇಳಿಯುವವರಿಲ್ಲ ಎಂದಳು. ಗುರುಗುಂಟಾದಲ್ಲಿ ಚಿಕ್ಕವ್ವ ಕಟ್ಟೆಯ ಮೇಲೆ ಹಣೆಗೆ ಕೈ ಹಿಡಿದು ನಿಂತಿದ್ದಳು. ನಾನು ಬಾಗಿಲಿಗೆ ಓಡಿದೆ. ಹುಲಿಗೆಮ್ಮಕ್ಕ ಒಳಗಿನಿಂದಲೇ ನನ್ನನ್ನು ತಡೆದಳು. ಅವ್ವ ತಾನೇ ಇಳಿದಳು. ಸೆರಗು ಸರಿ ಮಾಡಿಕೊಂಡು ನಡೆದುಹೋದಳು. ಚಿಕ್ಕವ್ವ ಮಂಜುಗಣ್ಣಿನಲ್ಲಿ ತಡವಿ ಅವ್ವನ ಗಲ್ಲ ಮುಟ್ಟಿ, ಕಿವಿ ಮುಟ್ಟಿ, "ಅಕ್ಕ, ನಡಕೊಂಡ ಬಂದೀಯಲ್ಲ" ಎಂದಳು. ಇಬ್ಬರೂ ನಗುತ್ತಿದ್ದರೋ ಅಳುತ್ತಿದ್ದರೋ, ನನಗೂ ಕಣ್ಣು ಮಂಜಾಗಿತ್ತು.

ಆಗ ಹಿಂದಿನಿಂದ ಸಣ್ಣ ದನಿ ಬಂತು. ಹುಲಿಗೆಮ್ಮಕ್ಕ ಇನ್ನೂ ಕಾರಿನಲ್ಲೇ ಇದ್ದಳು.

"ಕಾಲು ಜೋಮ ಹಿಡದಾವ ಸುಜಾತಾ. ಈ ರೋಡಿನ್ಯಾಗ ನಾ ಯಾವತ್ತೂ ಕುಂತ ಬಂದಿದ್ದಿಲ್ಲ."

ನಾನು ತಿರುಗುವಷ್ಟರಲ್ಲಿ ಅವ್ವ ತಂಗಿಯ ಕೈ ಬಿಟ್ಟು, ಆ ಮೊಣಕಾಲುಗಳಲ್ಲೇ ಕಾರಿನವರೆಗೆ ವಾಪಸು ಬಂದಿದ್ದಳು. ಬಾಗಿಲಲ್ಲಿ ಬಗ್ಗಿ ಕೈ ಚಾಚಿದಳು.

"ಕೈ ಕೊಡವ್ವ" ಎಂದಳು.

ಹುಲಿಗೆಮ್ಮಕ್ಕ ಒಂದು ಗಳಿಗೆ ಆ ಕೈಯನ್ನೇ ನೋಡಿದಳು. ಆಮೇಲೆ ಹಿಡಿದುಕೊಂಡು ಇಳಿದಳು.