ಜೀಪಿಗೆ ಕಿವಿ ಚುಚ್ಚಿದ ಮುತ್ತಯ್ಯ

ಕೊಳ್ಳೇಗಾಲದಲ್ಲಿ ಬರೀ ಮುತ್ತಯ್ಯ ಅಂದರೆ ‘ಯಾವ ಮುತ್ತಯ್ಯ?’ ಅನ್ನುತ್ತಿದ್ದರು. ಜೀಪಿಗೆ ಕಿವಿ ಚುಚ್ಚುವ ಮುತ್ತಯ್ಯ ಅಂದರೆ ಸಾಕು, ಕೈ ಹಿಡಿದು ಕರೆತಂದು ಅವನ ಮನೆ ಜಗಲಿಯ ಮೇಲೆ ಕೂರಿಸಿಯೇ ಹೋಗುತ್ತಿದ್ದರು. ಆ ಹೆಸರು ಹೇಗೆ ಬಂತೆಂದು ಊರಲ್ಲಿ ಒಬ್ಬೊಬ್ಬರು ಒಂದೊಂದು ಕಥೆ ಕಟ್ಟಿದ್ದಾರೆ. ಮುಕ್ಕಾಲು ಪಾಲು ಬುರುಡೆ. ಅಂದು ಆ ಜೀಪಿನ ಪಕ್ಕದಲ್ಲೇ ನಿಂತಿದ್ದವನು ನಾನು, ಯಳಂದೂರು ತಾಲ್ಲೂಕು ಅಗರದ ಗುರುಸಿದ್ದಯ್ಯ, ಕೊಳ್ಳೇಗಾಲದ ಕಾಡಿನ ಆಫೀಸಿನಲ್ಲಿ ಗುಮಾಸ್ತ. ಗುಮಾಸ್ತ ಬರೆದಿಟ್ಟದ್ದನ್ನು ನಂಬಿ, ಬೀಡಿ ಅಂಗಡಿ ಮುಂದೆ ಕೇಳಿದ್ದನ್ನಲ್ಲ.

ಮುತ್ತಯ್ಯ ನೇಕಾರರ ಮನೆಯವನು. ಅಪ್ಪ ಚೌಡಯ್ಯನವರು ರೇಷ್ಮೆ ಸೀರೆ ನೇಯುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ತಾವು, ಇನ್ನೊಂದರಲ್ಲಿ ಮಗ ಎಂಬುದು ಅವರ ಎಣಿಕೆ. ಮಗ ಕೂತ, ಹದಿನೆಂಟು ತುಂಬುವವರೆಗೆ. ಆಮೇಲೊಂದು ದಿನ ಸೀರೆ ಕೊಟ್ಟು ಬರಲು ಕೊಯಮತ್ತೂರಿಗೆ ಹೋದವನು ಅಲ್ಲೊಂದು ರೇಡಿಯೋ ರಿಪೇರಿ ಅಂಗಡಿಯ ಮುಂದೆ ನಿಂತ. ನಿಂತವನು ನಾಲ್ಕು ವರ್ಷ ಅಲ್ಲೇ ಉಳಿದ! ೧೯೬೩ರಲ್ಲಿ ಊರಿಗೆ ಬಂದಾಗ ಕೈಯಲ್ಲಿ ಬೆಸುಗೆ ಹಾಕುವ ಕಡ್ಡಿ, ಬಾಯಲ್ಲಿ ಅರ್ಧ ತಮಿಳು. ಜಗಲಿಯ ಮೇಲೆಯೇ ರಿಪೇರಿ ಶುರು ಮಾಡಿದ. ಒಳಗೆ ಅಪ್ಪನ ಮಗ್ಗ ಟಕಟಕ, ಹೊರಗೆ ಮಗನ ರೇಡಿಯೋ ಗೊರಗೊರ. ನಡುವೆ ಮುತ್ತಯ್ಯನ ಹೆಂಡತಿ ಮಹಾಲಕ್ಷ್ಮಮ್ಮ ಇಬ್ಬರಿಗೂ ಕಾಫಿ ಕೊಟ್ಟು, ಇಬ್ಬರ ದೂರನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಅಪ್ಪ ಮಗ ಜಗಳವಾಡಿದ್ದನ್ನು ನಾನು ಕಾಣೆ. ಆದರೆ ಮಾತೂ ಇರಲಿಲ್ಲ. ‘ಊಟಕ್ಕೇಳು’, ‘ಬಂದೆ’, ಅಷ್ಟೇ. ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

೧೯೭೩ರಲ್ಲಿ ನಮ್ಮ ಆಫೀಸಿಗೆ ವೈರ್‌ಲೆಸ್ ಸೆಟ್ಟುಗಳು ಬಂದವು. ಅಲ್ಲಿಯವರೆಗೆ ಹನೂರು ಕಡೆ ಕಾಡಿನಲ್ಲಿ ಬೆಂಕಿ ಬಿದ್ದರೆ ಗಾರ್ಡು ಚೀಟಿ ಹಿಡಿದು ಬಸ್ಸು ಹತ್ತಿ ಬರಬೇಕು. ಚೀಟಿ ನನ್ನ ಮೇಜಿಗೆ ಬರುವಷ್ಟರಲ್ಲಿ ಬೆಂಕಿ ತನ್ನ ಕೆಲಸ ಮುಗಿಸಿ ತಣ್ಣಗಾಗಿರುತ್ತಿತ್ತು. ಈಗ ಆಫೀಸಿನಲ್ಲೊಂದು ಸೆಟ್ಟು, ನಾಲ್ಕು ಜೀಪುಗಳಲ್ಲಿ ನಾಲ್ಕು. ಆಫೀಸಿನದನ್ನು ಬೆಂಗಳೂರಿನವರೇ ಬಂದು ಮಾಳಿಗೆಯ ಮೇಲೆ ಉದ್ದನೆಯ ಕಂಬ ನಿಲ್ಲಿಸಿ ಕೂರಿಸಿ ಹೋದರು. ಜೀಪಿನ ಸೆಟ್ಟುಗಳಿಗೆ ಇನ್ನಾರು ತಿಂಗಳು ಕಾಯಿರಿ ಅಂದರು. ನಮ್ಮ ಸಾಹೇಬರಿಗೆ ಆರು ನಿಮಿಷ ಕಾಯುವ ಸ್ವಭಾವವೂ ಇರಲಿಲ್ಲ. ಇಲ್ಲೇ ಯಾರಾದರೂ ಇದ್ದಾರೇನ್ರೀ ಎಂದರು. ನಾನು ಮುತ್ತಯ್ಯನ ಹೆಸರು ಹೇಳಿದೆ.

ಸಾಹೇಬರು ಮೊದಲು ಒಂದೇ ಜೀಪು ಕೊಟ್ಟರು. ಹನೂರಿನಾಚೆಯ ದಿಣ್ಣೆಯಿಂದ ಕೊಳ್ಳೇಗಾಲಕ್ಕೆ ಮಾತು ಮುಟ್ಟಿದರೆ ಉಳಿದ ಮೂರೂ ಅವನಿಗೆ, ಜೊತೆಗೆ ಆಫೀಸಿನಲ್ಲಿ ಮೆಕ್ಯಾನಿಕ್ ಕೆಲಸ. ಮುಟ್ಟದಿದ್ದರೆ ಎಲ್ಲ ಬೆಂಗಳೂರಿಗೆ.

ಸುದ್ದಿ ಕೇಳಿ ಚೌಡಯ್ಯನವರು ಮಗ್ಗದಿಂದ ಎದ್ದು ಜಗಲಿಗೆ ಬಂದರು. ಅವರು ಹಾಗೆ ಎದ್ದು ಬಂದದ್ದೇ ದೊಡ್ಡ ಸುದ್ದಿ.

“ಆಯ್ತು ಕಣ್ಲಾ, ಇದೊಂದು ನೋಡ್ಬುಡು. ಆಗ್ನಿಲ್ಲ ಅಂದ್ರೆ ಈ ಡಬ್ಬ ಎಲ್ಲಾ ಕಟ್ಟಿಟ್ಟು ಮಗ್ಗಕ್ಕೆ ಬಂದು ಕೂತ್ಕಬೇಕು. ನಂಗೂ ಅರವತ್ತೈದಾಯ್ತು.”

ಮುತ್ತಯ್ಯ ಬೆಸುಗೆ ಕಡ್ಡಿ ಕೆಳಗಿಟ್ಟ. “ಊಂ ಅಪ್ಪ, ಕೂತ್ಕತೀನಿ,” ಅಂದ. ನೇಕಾರರ ಮನೆಯಲ್ಲಿ ಮಾತು ಕೊಟ್ಟರೆ ಕೊಟ್ಟ ಹಾಗೆಯೇ. 

ಮರುದಿನದಿಂದ ಅವನ ಹುಚ್ಚಾಟ ಶುರುವಾಯಿತು. ಸೆಟ್ಟಿನ ಜೊತೆ ಮೂರು ಥರದ ಏರಿಯಲ್ ಕಡ್ಡಿ ಬಂದಿದ್ದವು: ಆಳುದ್ದದ್ದೊಂದು, ಗೇಣುದ್ದದ್ದೊಂದು, ಎರಡು ಮೊಳಕ್ಕಿಂತ ತುಸು ಉದ್ದವಾಗಿ ಬುಡದಲ್ಲಿ ಸ್ಪ್ರಿಂಗ್ ಇದ್ದದ್ದೊಂದು. ಉದ್ದ ಇದ್ದಷ್ಟೂ ಒಳ್ಳೆಯದಲ್ಲವೇ ಎಂದೆ, ನನಗೆ ತಿಳಿದಷ್ಟು. “ಇದೇನ್ ಕಬ್ಬಾ ಗುರುಸಿದ್ದಯ್ಯ? ಸೆಟ್ಟಿಗೆ ತಕ್ಕ ಅಳತೆ ಅಂತ ಒಂದದೆ,” ಅಂತ ನಕ್ಕ. ಸ್ಪ್ರಿಂಗಿನದನ್ನೇ ಆರಿಸಿದ. ಇನ್ನು ಅದನ್ನು ಜೀಪಿನ ಯಾವ ಮೂಲೆಗೆ ಹಾಕುವುದು? ಬೆಂಗಳೂರಿನವರು ಕೊಟ್ಟ ಚಿತ್ರದಲ್ಲಿ ತಗಡಿನ ಮಾಡಿನ ನಟ್ಟನಡುವೆ ಅಂತ ಇತ್ತು. ನಮ್ಮ ಜೀಪಿನ ಮಾಡೋ ಕ್ಯಾನ್ವಾಸು. ಬಟ್ಟೆಯ ಮೇಲೆ ಕಡ್ಡಿ ನಿಲ್ಲಿಸಿದರೆ ಮಾತು ಹೋಗುವುದಿಲ್ಲ, ಅದರ ಕಾಲಡಿಗೆ ಕಬ್ಬಿಣ ಬೇಕು ಅಂದ.

ಅದಕ್ಕೆ ಅವನು ಕಂಡುಕೊಂಡ ದಾರಿ ನೋಡಿ. ಜೀಪಿನ ನಾಲ್ಕು ಮೂಲೆಗೂ ಕಡ್ಡಿಯಷ್ಟೇ ಉದ್ದದ ನಾಲ್ಕು ಬಿದಿರು ಕೋಲು ಕಟ್ಟಿ, ಅವಕ್ಕೆ ಸುಣ್ಣ ಬಳಿದು, ಡ್ರೈವರ್ ಮಾದಸ್ವಾಮಿಯನ್ನು ಎರಡು ದಿನ ಕಾಡಿನ ದಾರಿಯಲ್ಲಿ ಓಡಾಡಿಸಿದ. ಹನೂರು ಪೇಟೆಯಲ್ಲಿ ಜನ ‘ಯಾರ ಮದುವೆ ದಿಬ್ಬಣ ಸ್ವಾಮಿ?’ ಎಂದು ಕೇಳಿದರಂತೆ. ಮಾದಸ್ವಾಮಿಗೆ ಮಾನ ಹೋಯಿತು. ವಾಪಸು ಬಂದಾಗ ಎಡಗಡೆಯ ಎರಡು ಕೋಲಿನ ಸುಣ್ಣ ಕೊಂಬೆಗಳಿಗೆ ತಾಗಿ ತಾಗಿ ಅಳಿಸಿಹೋಗಿತ್ತು, ಮುಂದಿನ ಬಲಗಡೆಯದು ಮುರಿದಿತ್ತು, ಹಿಂದಿನ ಬಲ ಮೂಲೆಯದು ಮಾತ್ರ ಬೆಳ್ಳಗೆ ನಿಂತಿತ್ತು. “ಅಗೋ ನೋಡು, ಜೀಪೇ ಏಳ್ತು ಎಲ್ಲಿ ಅಂತ,” ಅಂದ ಮುತ್ತಯ್ಯ. ಓದಿದವರ ಚಿತ್ರಕ್ಕಿಂತ ಈ ಸುಣ್ಣದ ಕೋಲು ನನಗೆ ಹಿಡಿಸಿತು.

ತೂತು ಕೊರೆಯುವ ದಿನ ಬಂತು. ಜೀಪು ಹೊಸದು, ಬಣ್ಣ ಮಾಸಿರಲಿಲ್ಲ. ಮಾದಸ್ವಾಮಿ ಅದನ್ನು ದಿನಕ್ಕೆರಡು ಸಲ ಒರೆಸುತ್ತಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಇವನು ಹೆರದೆಯೇ ಹಾಗಾಗಿದ್ದ. ಮುತ್ತಯ್ಯ ಡ್ರಿಲ್ಲು ಹಿಡಿದದ್ದೇ ಅಡ್ಡ ನಿಂತುಬಿಟ್ಟ.

“ಬ್ಯಾಡ ಕಣಣ್ಣ, ಒಸ ಮೈಗೆ ತೂತು ಒಡೀಬ್ಯಾಡ! ಅಗ್ಗ ಸುತ್ತಿ ಕಟ್ಟು, ಎಂಗಾದ್ರೂ ಕಟ್ಟು.”

ಮುತ್ತಯ್ಯನಿಗೆ ಕೋಪ ಬರಲಿಲ್ಲ. ಮಾದಸ್ವಾಮಿಯ ಹೆಗಲ ಮೇಲೆ ಕೈ ಹಾಕಿದ. “ನಿನ್ ಮಗಳ್ಗೆ ಕಿವಿ ಚುಚ್ಚಿಸಿಲ್ವಾ ಮಾದಸ್ವಾಮಿ? ಅತ್ತಳು, ಆಮೇಲೆ ಓಲೆ ಆಕಂಡು ಕನ್ನಡಿ ನೋಡ್ಕಳ್ನಿಲ್ವಾ? ಇದೂ ಅಂಗೇಯ. ಇವತ್ತು ಇದಕ್ಕೆ ಕಿವಿ ಚುಚ್ಚೋದು.”

ಮಾದಸ್ವಾಮಿ ಒಂದು ಗಳಿಗೆ ಯೋಚಿಸಿದ. “ಅಂಗಾದ್ರೆ ರಾಹುಕಾಲ ಕಳೀಲಿ,” ಎಂದ. ಸೈಕಲ್ ಹತ್ತಿ ಹೋಗಿ ಬೆಲ್ಲ, ಕೊಬ್ಬರಿ ತಂದ. ರಾಹುಕಾಲ ಕಳೆದ ಮೇಲೆ ಡ್ರಿಲ್ಲು ತಿರುಗುವಾಗ ಅವನು ಜೀಪಿನ ಇನ್ನೊಂದು ಪಕ್ಕ ನಿಂತು ಬಾನೆಟ್ಟು ಸವರುತ್ತ ‘ಆಯ್ತು, ಆಯ್ತು’ ಅನ್ನುತ್ತಿದ್ದ. ನಾವೆಲ್ಲ ಬೆಲ್ಲ ಕೊಬ್ಬರಿ ತಿಂದೆವು. ಆ ಹೆಸರು ಹುಟ್ಟಿದ್ದು ಅಂದು.

ಸಂಜೆಗೆ ಎಲ್ಲ ಮುಗಿಯಿತು. ಬುಡದ ಬೋಲ್ಟು ಜೀಪಿನ ಮೈಗೆ ಚೆನ್ನಾಗಿ ತಾಗಲೆಂದು ತೂತಿನ ಸುತ್ತ ಬಣ್ಣ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಿ ಕಡ್ಡಿ ಬಿಗಿದ. ಕಡ್ಡಿಗೂ ಜೀಪಿನ ಮೈಗೂ ನಡುವೆ ಕರೀ ಬಿಲ್ಲೆಯೊಂದಿತ್ತು. ಕಡ್ಡಿಯ ಲೋಹ ಜೀಪಿನ ಲೋಹವನ್ನು ಮುಟ್ಟಬಾರದು, ಮುಟ್ಟಿದರೆ ಮಾತೆಲ್ಲ ಮಣ್ಣುಪಾಲು ಅಂತ ನನಗೆ ಎರಡು ಸಲ ಹೇಳಿದ. ಸೆಟ್ಟಿಗೆ ಬ್ಯಾಟರಿಯಿಂದಲೇ ನೇರ ತಂತಿ ಎಳೆದ. ಮನೆ ಮುಂದೆಯೇ ಜೀಪು ನಿಲ್ಲಿಸಿ ಆಫೀಸನ್ನು ಕರೆದಾಗ ಅಲ್ಲಿನ ಆಪರೇಟರ್ ದೇವಣ್ಣನ ದನಿ ಗಂಟೆ ಬಾರಿಸಿದ ಹಾಗೆ ಬಂತು. ಪರೀಕ್ಷೆ ಮರುದಿನ ಬೆಳಗ್ಗೆ ಇದ್ದುದರಿಂದ ಜೀಪು ರಾತ್ರಿ ಅಲ್ಲೇ ಉಳಿಯಿತು.

ಬೆಳಗ್ಗೆ ನಾನು ಹೋಗಿ ನೋಡುತ್ತೇನೆ, ಜೀಪಿಗೆ ಮದುವಣಗಿತ್ತಿಯ ಅಲಂಕಾರ! ಕನ್ನಡಿಗೆ ವಿಭೂತಿ, ಚಕ್ರಕ್ಕೆ ನಿಂಬೆಹಣ್ಣು, ಕಡ್ಡಿಯ ಬುಡಕ್ಕೆ ದಪ್ಪನೆಯ ಚೆಂಡುಹೂವಿನ ಹಾರ. ಹಾರ ಮಹಾಲಕ್ಷ್ಮಮ್ಮನದಿರಬೇಕು ಎಂದು ಮಾದಸ್ವಾಮಿ ಕೈ ಮುಗಿದ. ಇನ್ನೊಂದು ಸಲ ಸೆಟ್ಟು ನೋಡೋಣವೆಂದು ಮುತ್ತಯ್ಯ ಅಂದಾಗ, ಒಳ್ಳೇ ಗಳಿಗೆ ಮೀರುತ್ತದೆಂದು ಮಾದಸ್ವಾಮಿ ಗಾಡಿ ಹೊರಡಿಸಿಯೇಬಿಟ್ಟ. ದಾರಿಯಲ್ಲಿ ಚೌಡಯ್ಯನವರು ಪಂಚೆ ಮಡಿಸಿ ಕಟ್ಟಿಕೊಂಡು ಆಫೀಸಿನ ಕಡೆ ನಡೆಯುತ್ತಿದ್ದರು. “ದೇವಣ್ಣನ ಪಕ್ಕ ಕೂತ್ಕತೀನಿ. ಯಾರೋ ಏಳೋದು ಬ್ಯಾಡ, ನನ್ ಕಿವಿಲೇ ಕೇಳ್ತೀನಿ,” ಎಂದು ನನಗೆ ಹೇಳಿದರು.

ಹನೂರು ದಾಟಿ ದಿಣ್ಣೆ ಹತ್ತಿದಾಗ ಒಂಬತ್ತೂವರೆ. ಸಾಹೇಬರು ತಮ್ಮ ಜೀಪಿನಲ್ಲಿ ಮೊದಲೇ ಬಂದು ಗಡಿಯಾರ ನೋಡುತ್ತಿದ್ದರು. ಅವರು ಪಾಲಾರ್ ಗಡಿಗೆ ಹೋಗಬೇಕಿತ್ತು. “ಹತ್ತು ಗಂಟೆಗೆ ಹೊರಡ್ತೀನಿ,” ಅಂದರು.

ಮುತ್ತಯ್ಯ ಮೈಕಿನ ಗುಂಡಿ ಒತ್ತಿದ. “ಕೊಳ್ಳೇಗಾಲ, ಕೊಳ್ಳೇಗಾಲ, ಕೇಳ್ತಾ ಇದೆಯಾ? ಓವರ್.” ಗುಂಡಿ ಬಿಟ್ಟ. ಬರೀ ಸೊರಸೊರ. ಮತ್ತೆ ಕರೆದ. ಸೊರಸೊರ. ಹತ್ತು ಸಲ ಕರೆದಿರಬೇಕು. ಫ್ಯೂಸು ನೋಡಿದ, ಬ್ಯಾಟರಿ ನೋಡಿದ, ತಂತಿಯುದ್ದಕ್ಕೂ ಬೆರಳಾಡಿಸಿದ. ಎಲ್ಲ ಸರಿಯಾಗಿಯೇ ಇತ್ತು. ಸಾಹೇಬರು ಮತ್ತೆ ಗಡಿಯಾರ ನೋಡಿದರು. ಮುತ್ತಯ್ಯನ ಮುಖ ಬೆವೆತು ಹೋಗಿತ್ತು. ಹಗಲಿಡೀ ಮಗ್ಗದಲ್ಲಿ ಕೂತು ಜೀವ ತೇಯುವ ಅವನ ಮುಂದಿನ ದಿನಗಳು ಅವನ ಕಣ್ಣಿನಲ್ಲೇ ನನಗೆ ಕಂಡವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಅಳುವೇ ಬಂತು.

ಕೊನೆಗೆ ಅವನು ಹಿಂದಿನ ಮೂಲೆಗೆ ಹೋಗಿ ಹಾರಕ್ಕೆ ಕೈ ಹಾಕಿದ. ಪೂಜೆಯ ಹೂವು ಕೀಳಬಾರದೆಂದು ಮಾದಸ್ವಾಮಿ ಕೂಗಿಕೊಂಡ. ಮುತ್ತಯ್ಯ ಹಾರವನ್ನು ಮೆಲ್ಲಗೆ ಬಿಚ್ಚಿ ಅವನ ಕೈಗೇ ಕೊಟ್ಟ. ಹೂವಿನ ಅಡಿಯಲ್ಲಿ, ಕಡ್ಡಿಯಿಂದ ಕರೀ ಬಿಲ್ಲೆಯ ಮೇಲೆ ಹಾದು ಜೀಪಿನ ಬೋಲ್ಟಿನವರೆಗೆ, ಬೆರಳಗಲದ ಜರಿಯಂಚಿನ ಪಟ್ಟಿಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಅಸಲಿ ಬೆಳ್ಳಿ ಜರಿ. ನೂರು ಸಣ್ಣ ತಂತಿ ಸೇರಿಸಿ ಕಡ್ಡಿಯನ್ನು ಜೀಪಿನ ಮೈಗೆ ಬೆಸೆದ ಹಾಗಾಗಿತ್ತು.

ಮುತ್ತಯ್ಯ ಅದರ ಮೇಲೆ ಬೆರಳಿಟ್ಟ. “ಅಪ್ಪನ್ ಕೈ,” ಅಂದ.

ಅವರ ಮನೆಯಲ್ಲಿ ಹೊಸ ಮಗ್ಗ ಹೂಡಿದರೆ, ಮೊದಲ ಎಳೆ ಹಾಯಿಸುವ ಮುಂಚೆ ಮನೆಯ ಹಿರಿಯರು ಜರಿಯ ಅಂಚೊಂದನ್ನು ಮಗ್ಗದ ಕಂಬಕ್ಕೆ ಸುತ್ತುವ ಪದ್ಧತಿಯಂತೆ. ಅವನು ಅದನ್ನು ಹೇಳಿದ ಮೇಲೂ ನನ್ನ ಬಾಯಿ ಸುಮ್ಮನಿರಲಿಲ್ಲ. “ಮಗ್ಗಕ್ಕೆ ಕಟ್ಟೋದು ಸರಿ. ಇದಕ್ಕ್ಯಾಕೆ ಕಟ್ಟಿದ್ರು? ನೀನು ಸೋತ್ರೆ ಮಗ್ಗಕ್ಕೆ ಬರ್ತೀಯ ಅಂತ ಬೇಕಂತ್ಲೇ ಕಟ್ಟವರೆ,” ಎಂದುಬಿಟ್ಟೆ. ಮುತ್ತಯ್ಯ ಪಟ್ಟಿ ಬಿಚ್ಚಿ ಮಡಿಸಿ ಜೇಬಿಗಿಟ್ಟುಕೊಂಡು, ಮುಂದೆ ಬಂದು ಮೈಕು ತೆಗೆದುಕೊಂಡ.

“ಕೊಳ್ಳೇಗಾಲ, ಕೇಳ್ತಾ ಇದೆಯಾ? ಓವರ್.”

“ಕೇಳ್ತದೆ ಮುತ್ತಯ್ಯ! ಪಕ್ಕದಲ್ಲಿ ಕೂತು ಮಾತಾಡ್ದಂಗೆ ಕೇಳ್ತದೆ! ಎಲ್ಲೋಗಿದ್ದೆ ಮಾರಾಯ?” ದೇವಣ್ಣನ ದನಿ ಕೇಳಿ ಮಾದಸ್ವಾಮಿ ಹಾರವನ್ನು ತನ್ನ ಕೊರಳಿಗೇ ಹಾಕಿಕೊಂಡು ಕುಣಿದ. ಸಾಹೇಬರು ಗಡಿಯಾರ ಮರೆತು ನಕ್ಕರು.

ಮುತ್ತಯ್ಯ ಮಾತ್ರ ನಗಲಿಲ್ಲ. “ಅಪ್ಪನ ಕೈಗೆ ಮೈಕು ಕೊಡು ದೇವಣ್ಣ,” ಎಂದ. ಆಮೇಲೆ ಕೇಳಿದ: “ಅಪ್ಪ, ಕಡ್ಡಿಗೆ ಜರಿ ನೀನೇ ಕಟ್ಟಿದ್ದಾ? ಓವರ್.”

ಚೌಡಯ್ಯನವರು ಗುಂಡಿಯನ್ನು ಗಟ್ಟಿಯಾಗಿ ಒತ್ತಿ ಹಿಡಿದಿರಬೇಕು. ಒಬ್ಬರು ಒತ್ತಿ ಹಿಡಿದರೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ಹತ್ತು ವರ್ಷ ಒಳಗಿದ್ದ ಮಾತು ಒಂದೇ ಸಮನೆ ಬಂತು.

“ಊಂ ಕಣ್ಲಾ, ನಾನೇ ಕಟ್ದೆ. ನೀನು ಕಂಡ್ರೆ ನಗ್ತೀಯ ಅಂತ ಮೇಲೆ ಊವಾ ಮುಚ್ದೆ. ನಿಮ್ ತಾತ ನನ್ ಮಗ್ಗಕ್ಕೆ ಕಟ್ಟಿದ್ರು, ನಾನು ಉದ್ಧಾರ ಆದೆ. ಅತ್ತು ವರ್ಸದಿಂದ ನೀನು ಜಗಲಿ ಮ್ಯಾಲೆ ಕೂತಿದ್ದೀಯ, ನಿನ್ ಕಸುಬಿಗೆ ನಾನು ಒಂದ್ ಎಳೆ ಕಟ್ಲಿಲ್ಲ. ಮಗ್ಗಕ್ಕೆ ಬಾ ಅಂತ ಬಾಯಲ್ಲಿ ಅಂದೆ, ರಾತ್ರಿಯೆಲ್ಲಾ ನಿದ್ದೆ ಬರ್ನಿಲ್ಲ ಕಣಪ್ಪ. ನನ್ ಮಗ ಸೋತು ಬಂದು ಕೂತು ನೇಯ್ದ್ರೆ ಆ ಸೀರೆ ಯಾರ್ ಉಟ್ರೂ ಒಳ್ಳೇದಾದದಾ? ಗೆಲ್ಲಲಿ ಅಂತ ಕಟ್ದೆ. ಇರೋದ್ರಲ್ಲಿ ಒಳ್ಳೇ ಜರಿ ನೋಡಿ ಕಟ್ದೆ. ಯಾಕ್ಲಾ, ಮಾತೇ ಆಡ್ತಿಲ್ಲ? ಕೇಳ್ತಾ ಅದಾ ಇಲ್ವಾ?”

“ಗುಂಡಿ ಬುಡಿ ಯಜಮಾನ್ರೇ, ಬುಟ್ರೆ ತಾನೆ ಅವ್ನು ಮಾತಾಡೋದು,” ಎಂದು ದೇವಣ್ಣ ಹೇಳುವುದೂ ಕೇಳಿಸಿತು.

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಾಗಿತ್ತು. ಸಾಹೇಬರು ಮೂರು ಬೆರಳೆತ್ತಿ ಮುತ್ತಯ್ಯನಿಗೆ ತೋರಿಸಿ, ಮುಖ ಆಚೆ ತಿರುಗಿಸಿಕೊಂಡರು. ಮುತ್ತಯ್ಯ ತೋಳಿನಿಂದ ಕಣ್ಣೊರೆಸಿಕೊಂಡ. ನನ್ನನ್ನೂ ಮಾದಸ್ವಾಮಿಯನ್ನೂ ಒಂದು ಸಲ ದುರುಗುಟ್ಟಿ ನೋಡಿದ. ಬಾಯಿ ಬಿಟ್ಟೀರಾ ಜೋಕೆ ಎಂಬ ಹಾಗೆ. ಆಮೇಲೆ ಗುಂಡಿ ಒತ್ತಿದ.

“ಎಲ್ಲಾ ಕೇಳ್ತು ಅಪ್ಪ. ನೀನು ಕಟ್ಟಿದ್ದಕ್ಕೇ ಗೆದ್ದಿದ್ದು. ಇನ್ನೂ ಮೂರು ಜೀಪು ನನಗೇ ಕೊಟ್ರು. ಅವಕ್ಕೂ ನೀನೇ ಬಂದು ಕಟ್ಬೇಕು. ಎಲ್ಲಿ ಕಟ್ಟೋದು ಅಂತ ಮಾತ್ರ ನಾನು ತೋರಿಸ್ತೀನಿ.”