ಟೈಲರಮ್ಮನ ಅಳತೆ

ಹೆಂಗಸರ ಬಟ್ಟೆ ಹೊಲಿಯುವ ಟೈಲರಮ್ಮನ ಗಂಟಲು ದೊಡ್ಡದು, ಮಹಡಿಯ ಮೇಲೆ ಮಾತಾಡಿದರೆ ಕೆಳಗಿನ ಬೇಕರಿಗೆ ಕೇಳಿಸುತ್ತದೆ. ಅಳತೆಯ ವಿಷಯ ಬಂದರೆ ಮಾತ್ರ ಆ ಬಾಯಿಗೆ ಬೀಗ. ಮೂವತ್ತು ವರ್ಷದಲ್ಲಿ ಒಬ್ಬಳ ಸೊಂಟದ ಸುತ್ತಳತೆಯನ್ನೂ ಜೋರಾಗಿ ಹೇಳಿದವಳಲ್ಲ. ಚೀಟಿಯಲ್ಲಿ ಬರೆದು, ಮಡಚಿ, ರಸ್ತೆ ದಾಟಿ, ಎದುರು ಕೋಣೆಯಲ್ಲಿ ಬಟ್ಟೆ ಕತ್ತರಿಸುವ ತಂಗಿಯ ಕೈಗೇ ಕೊಡುತ್ತಿದ್ದಳು.

ಈಚೆಗೆ ಮಂಡಿ ಕೈಕೊಟ್ಟಿತು. ಆಪ್ ಬರೆಯುವ ಕೆಲಸದಲ್ಲಿದ್ದ ಅಣ್ಣನ ಮಗಳು ಅತ್ತೆಯ ಮೆಟ್ಟಿಲು ಹತ್ತಿಳಿಯುವ ಪಾಡು ನೋಡಲಾರದೆ ಒಂದು ಆಪ್ ಮಾಡಿಕೊಟ್ಟಳು. ಇಲ್ಲಿ ಅಳತೆ ಒತ್ತಿದರೆ ಬೇಕರಿಯ ವೈಫೈ ಹಿಡಿದು ತಂಗಿಯ ಫೋನು ಸೇರುತ್ತದೆ.

"ದಾರೀಲಿ ಯಾರಾದ್ರೂ ಓದ್ತಾರೇನೇ?"

"ಯಾರೂ ಓದಲ್ಲ ಅತ್ತೆ. ನಾನೇ ಮಾಡಿರೋದು."

"ನಾನೇ ಹೊಲಿದಿದ್ರೂ ಟ್ರಯಲ್ ನೋಡ್ದೆ ಕೊಡಲ್ಲ. ತೋರಿಸು."

ಹೀಗೆ ಪಟ್ಟು ಹಿಡಿಯಲು ಕಾರಣವಿತ್ತು. ನಾಲ್ಕು ಗಂಟೆಗೆ ಅಳತೆ ಕೊಡಲು ಬರಲಿದ್ದ ಟೀಚರಮ್ಮ ಆಪರೇಷನ್ನಿನಲ್ಲಿ ಎಡ ಸ್ತನ ಕಳೆದುಕೊಂಡವಳು. ಅವಳ ರವಿಕೆಯೊಳಗೆ ಮೆತ್ತೆ ಕೂರಿಸಿ ಹೊಲಿಯುವ ವಿಷಯ ಈ ಅಕ್ಕತಂಗಿಯರಿಗೆ ಮಾತ್ರ ಗೊತ್ತು. ಶಾಲೆಯಲ್ಲಿ ಯಾರಿಗೂ ತಿಳಿಯಬಾರದೆಂದು ಅವಳು ಕೈ ಹಿಡಿದು ಕೇಳಿಕೊಂಡಿದ್ದಳು.

ವೈಫೈಯಲ್ಲಿ ಹಾದುಹೋಗುವುದನ್ನು ಕಳ್ಳರ ಹಾಗೆ ದಾರಿಯಲ್ಲೇ ಹಿಡಿದು ಓದಿ ನೋಡಲು ಹುಡುಗಿ ಬೇಕರಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕುಳಿತಳು. ಟೈಲರಮ್ಮ ಎದುರಿಗೆ ಕೂತು, ಪರೀಕ್ಷೆಗೆಂದು ತನ್ನದೇ ಅಳತೆ ಕಳಿಸಿದಳು. ಹುಡುಗಿಯ ಮುಖ ಸಪ್ಪಗಾಯಿತು.

"ಅತ್ತೆ... ಸೊಂಟ ನಲವತ್ತೆರಡಾ?"

ಮನೆಮಂದಿಗೆಲ್ಲ ಮೂವತ್ತೆಂಟು ಎಂದೇ ಹೇಳಿಕೊಂಡು ಬಂದಿದ್ದಳು ಮಹಾತಾಯಿ. ಆದರೆ ಆ ನಾಚಿಕೆಗಿಂತ ಮೊದಲು ನಾಲ್ಕು ಗಂಟೆಯ ಗಿರಾಕಿ ನೆನಪಾದಳು. ಟೀಚರಮ್ಮನದ್ದೂ ಹೀಗೇ ಬಟಾಬಯಲಾಗಿ ಹೋಗುತ್ತಿತ್ತಲ್ಲ.

"ಆಪ್ ಬರೆಯುವಾಗ ಸುಲಭ ಆಗ್ಲಿ ಅಂತ, ಬೇರೆಯವರು ಓದದ ಹಾಗೆ ಹಾಕೋ ಗೂಢಲಿಪಿ ತೆಗೆದಿಟ್ಟಿದ್ದೆ," ಎಂದಳು ಹುಡುಗಿ ತಲೆ ತಗ್ಗಿಸಿ. "ವಾಪಸ್ ಹಾಕೋದು ಮರೆತೆ."

"ಕಚ್ಚಾ ಹೊಲಿಗೆ ಹಾಕಿ, ಗಟ್ಟಿ ಹೊಲಿಗೆ ಮರೆತೆ ಅನ್ನು. ನಾನೂ ಒಂದ್ಸಲ ಮರೆತಿದ್ದೆ. ಗಿರಾಕಿ ಕೈ ಎತ್ತಿದ್ದಕ್ಕೆ ತೋಳೇ ಕಿತ್ತು ಬಂತು. ಅಳಬೇಡ, ಸರಿಮಾಡು."

ಮೂರೂವರೆಗೆ ಸರಿಹೋಯಿತು. ಈ ಸಲ ನಲವತ್ತೆರಡು ಕಾಣಲಿಲ್ಲ. ಬೆಕ್ಕು ಕೀಲಿಮಣೆಯ ಮೇಲೆ ನಡೆದಾಡಿದ ಹಾಗೆ ಅಕ್ಷರಗಳಷ್ಟೇ ಕಂಡವು. ಟೈಲರಮ್ಮನಿಗೆ ಹೊಸ ಸೀರೆ ಉಟ್ಟಷ್ಟು ಸಂತೋಷವಾಯಿತು.

ನಾಲ್ಕಕ್ಕೆ ಟೀಚರಮ್ಮ ಬಂದು ಅಳತೆ ಕೊಟ್ಟು, ಇಳಿದುಹೋಗಿ ಬೇಕರಿಯಲ್ಲಿ ಟೀ ತರಿಸಿಕೊಂಡಳು. ಪಕ್ಕದ ಮೇಜಿನಲ್ಲೇ ಹುಡುಗಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾವಲಿದ್ದಳು. ಮೇಲೆ ಟೈಲರಮ್ಮ ಗುಂಡಿ ಒತ್ತಿ, ಗೋಡೆ ಹಿಡಿದುಕೊಂಡು ಕೆಳಗಿಳಿದಳು.

"ಏನೋ ಹೋಯ್ತು ಅತ್ತೆ," ಎಂದಳು ಹುಡುಗಿ ಪರದೆಯತ್ತ ಬೆರಳು ತೋರಿಸಿ. "ಒಂದಕ್ಷರಾನೂ ತಿಳೀತಿಲ್ಲ. ಯಾರ ಅಳತೆ?"

ಟೀಚರಮ್ಮ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಳು. ಟೈಲರಮ್ಮ ಅತ್ತ ಕಣ್ಣು ಹಾಯಿಸಲಿಲ್ಲ.

"ಯಾರದೋ ಗಿರಾಕೀದು," ಎಂದಳು, ಜೀವಮಾನದಲ್ಲೇ ಅತಿ ಮೆಲ್ಲನೆಯ ದನಿಯಲ್ಲಿ.